ಮೇಲೇಳದ ಮುಳ್ಳು: ಹಳೇ ಮಾರುತಿಗೆ ಥರ್ಮೋಸ್ಟಾಟ್ ಹಾಕಿದ್ದು

ಗಾಡಿ ಹೀಟ್ ಆಗುತ್ತದೆ ಎಂದು ಗ್ಯಾರೇಜಿಗೆ ಬರುವವರು ದಿನಕ್ಕೆ ನಾಲ್ಕು ಜನ. ನನ್ನ ಗಾಡಿ ಹೀಟೇ ಆಗುವುದಿಲ್ಲ ಎಂದಾಗ ಅಲ್ಲಿದ್ದವರೆಲ್ಲ ನಕ್ಕರು. "ಪುಣ್ಯ ಮಾಡಿದೀರಿ ಸಾರ್, ಸುಮ್ನೆ ಓಡಿಸ್ಕೊಂಡಿರಿ" ಅಂದ ಮೇಸ್ತ್ರಿ.

ಗಾಡಿ 1996ರ ಮಾರುತಿ 800. ಕಾರ್ಬ್ಯುರೇಟರಿನ ಕಾಲದ್ದು, 796 ಸಿಸಿ, ಮೂರು ಸಿಲಿಂಡರ್, ಎಸಿ ಇಲ್ಲ. ಪುತ್ತೂರಿನ ಚಿಕ್ಕಪ್ಪ ಓಡಿಸುತ್ತಿದ್ದರು. ಕಣ್ಣು ಮಂಜಾದ ಮೇಲೆ ಸ್ಟೇರಿಂಗ್ ಹಿಡಿಯುವುದು ಬಿಟ್ಟರು, ಗಾಡಿ ಘಾಟಿ ಹತ್ತಿ ಸಕಲೇಶಪುರದ ನಮ್ಮ ಅಂಗಳಕ್ಕೆ ಬಂತು. ಪುತ್ತೂರಿನ ಸೆಕೆಯಲ್ಲಿ ಯಾರ ಕಣ್ಣಿಗೂ ಬೀಳದ ಕಾಯಿಲೆ ಇಲ್ಲಿಯ ಡಿಸೆಂಬರ್ ಬೆಳಗಿಗೆ ಹೊರಬಿತ್ತು. ತಣ್ಣಗಿನ ಇಂಜಿನಿಗೆ ಹೆಚ್ಚು ಪೆಟ್ರೋಲ್ ಕೊಡುವ ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ ಅದನ್ನು ಪೂರ್ತಿ ಒಳಗೆ ತಳ್ಳುವ ಹೊತ್ತಿಗೆ ಊರು ದಾಟಿರುತ್ತಿತ್ತು. ಅವಸರಪಟ್ಟು ತಳ್ಳಿದೆನೋ, ಮುಂದಿನ ತಿರುವಿನಲ್ಲೇ ಕೆಮ್ಮಿ ನಿಲ್ಲುತ್ತಿತ್ತು. ಬಾಳ್ಳುಪೇಟೆ ಬಂದರೂ ಟೆಂಪರೇಚರ್ ಮೀಟರಿನ ಮುಳ್ಳು ತಣ್ಣಗಿನ ಗುರುತಾದ 'ಸಿ' ಅಕ್ಷರವನ್ನು ತಬ್ಬಿಕೊಂಡೇ ಇರುತ್ತಿತ್ತು.

ಮೊದಲು ಮೀಟರನ್ನೇ ಅನುಮಾನಿಸಿದೆ. ಹಳೇ ಗಾಡಿಯ ಮೀಟರನ್ನು ನಂಬುವುದುಂಟೇ? ಆದರೆ ಎರಡು ವಾರ ಗಮನಿಸಿದ ಮೇಲೆ ಮುಳ್ಳಿನ ನಡತೆಯಲ್ಲಿ ಒಂದು ಕ್ರಮ ಕಂಡಿತು. ಪೇಟೆಯೊಳಗೆ ನಿಧಾನ ಹೋಗುವಾಗ ಒಂದಿಷ್ಟು ಏಳುತ್ತದೆ. ಹೆದ್ದಾರಿಗೆ ಬಿದ್ದು ಅರವತ್ತು ಮುಟ್ಟಿದ ಕೂಡಲೇ ಇಳಿಯುತ್ತದೆ. ಶಿರಾಡಿ ಘಾಟಿಯಲ್ಲಿ ಗುಂಡ್ಯದ ಕಡೆ ಇಳಿಯುವಾಗಂತೂ ಪೂರ್ತಿ ಮಲಗಿಬಿಡುತ್ತದೆ. ಇಳಿಜಾರಿನಲ್ಲಿ ಇಂಜಿನ್ ಪೆಟ್ರೋಲ್ ಸುಡುವುದೇ ಅಷ್ಟಕ್ಕಷ್ಟೆ, ರೇಡಿಯೇಟರಿಗೆ ಗಾಳಿ ಮಾತ್ರ ಧಾರಾಳ. ಅಂದರೆ ಮೀಟರ್ ಸುಳ್ಳು ಹೇಳುತ್ತಿಲ್ಲ. ಇಂಜಿನಿನ ನೀರು ತಡೆಯಿಲ್ಲದೆ ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಬರುತ್ತಿದೆ. ನೀರು ಕಾಯುವತನಕ ಆ ದಾರಿಯನ್ನು ಮುಚ್ಚಿಡಬೇಕಾದ ಬಾಗಿಲು, ಅಂದರೆ ಥರ್ಮೋಸ್ಟಾಟ್, ಕೆಲಸ ಮಾಡುತ್ತಿಲ್ಲ.

ಇದನ್ನು ಖಚಿತ ಮಾಡಿಕೊಳ್ಳಲು ಒಂದು ಕಾಸೂ ಬೇಡ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ, ಇಂಜಿನಿನಿಂದ ರೇಡಿಯೇಟರಿನ ತಲೆಗೆ ಹೋಗುವ ಮೇಲಿನ ಹೋಸ್ ಪೈಪನ್ನು ಕೈಯಲ್ಲಿ ಹಿಡಿದುಕೊಂಡು ನಿಲ್ಲಬೇಕು. ಫ್ಯಾನಿಗೆ ಮಾತ್ರ ಬೆರಳು ಕೊಡಬೇಡಿ. ಥರ್ಮೋಸ್ಟಾಟ್ ಸರಿ ಇದ್ದರೆ ಹಲವು ನಿಮಿಷ ಪೈಪು ತಣ್ಣಗೇ ಇದ್ದು, ಆಮೇಲೆ ಇದ್ದಕ್ಕಿದ್ದಂತೆ ಕೈ ಸುಡುವಷ್ಟು ಬಿಸಿಯಾಗುತ್ತದೆ. ಬಾಗಿಲು ತೆರೆದ ಕ್ಷಣ ಅದು. ನನ್ನ ಗಾಡಿಯದು ಎರಡನೇ ನಿಮಿಷದಿಂದಲೇ ಉಗುರುಬೆಚ್ಚಗಾಗುತ್ತ ಹೋಯಿತು, ಬಾಣಂತಿಯ ಸ್ನಾನದ ನೀರಿನ ಹಾಗೆ. ಬಾಗಿಲು ಮುಚ್ಚಿಯೇ ಇರಲಿಲ್ಲ.

ಇನ್ನೊಂದು ಗುರುತು ಆಯಿಲ್ ಹಾಕುವ ಮುಚ್ಚಳದ ಅಡಿಯಲ್ಲಿ ಸಿಕ್ಕಿತು. ಕಡೆದ ಮಜ್ಜಿಗೆಯ ಮೇಲೆ ತೇಲುವಂಥ ತಿಳಿ ಹಳದಿ ಕೆನೆ. ಇದನ್ನು ಕಂಡರೆ ಹೆಡ್ ಗ್ಯಾಸ್ಕೆಟ್ ಹೋಯಿತು, ಅಂದರೆ ಇಂಜಿನಿನ ತಲೆಭಾಗದ ಪ್ಯಾಕಿಂಗ್ ಒಡೆದು ರೇಡಿಯೇಟರಿನ ನೀರು ಆಯಿಲಿಗೆ ಸೇರಿತು ಎಂದು ಎದೆ ಧಸಕ್ಕೆನ್ನುತ್ತದೆ. ನನಗೂ ಅಂದಿತು. ಆದರೆ ರೇಡಿಯೇಟರಿನ ನೀರು ಕಡಿಮೆಯಾಗುತ್ತಿರಲಿಲ್ಲ, ಡಿಪ್‌ಸ್ಟಿಕ್ಕಿನ ಆಯಿಲ್ ಕಪ್ಪಗೆ ಶುದ್ಧವಾಗೇ ಇತ್ತು. ಪೆಟ್ರೋಲ್ ಸುಟ್ಟಾಗ ನೀರಾವಿ ಹುಟ್ಟುತ್ತದೆ, ಅದರಲ್ಲಿ ಒಂದು ಪಾಲು ಪಿಸ್ಟನ್ ರಿಂಗು ದಾಟಿ ಕೆಳಗಿಳಿಯುತ್ತದೆ. ಇಂಜಿನ್ ಚೆನ್ನಾಗಿ ಕಾದರೆ ಆ ಆವಿ ಹಾರಿಹೋಗುತ್ತದೆ. ಕಾಯದಿದ್ದರೆ ಅಲ್ಲೇ ನೀರಾಗಿ ಆಯಿಲ್ ಜೊತೆ ಕಲೆತು ಹೀಗೆ ಕೆನೆ ಕಟ್ಟುತ್ತದೆ.

"ಹಾಗಾದ್ರೆ ಥರ್ಮೋಸ್ಟಾಟ್ ಹಾಕ್ಲೇಬೇಕಾ? ನಮ್ ಸೆಕೆಗೆ ಅದ್ಯಾಕೆ ಸಾರ್, ಅದೆಲ್ಲ ಹಿಮ ಬೀಳೋ ದೇಶದವ್ರಿಗೆ" ಅಂದ ಮೇಸ್ತ್ರಿ. ಈ ಮಾತನ್ನು ಹಾಸನದಲ್ಲೂ ಕೇಳಿದ್ದೇನೆ, ಬೆಂಗಳೂರಲ್ಲೂ ಕೇಳಿದ್ದೇನೆ. ನನ್ನ ಜಗಳ ಇರುವುದೇ ಇದರ ಜೊತೆ. ಹೊರಗೆ 35 ಡಿಗ್ರಿ ಇರಲಿ, 5 ಡಿಗ್ರಿ ಇರಲಿ, ಇಂಜಿನಿಗೆ ಬೇಕಾದದ್ದು 80-90ರ ಆಸುಪಾಸು. ಆ ಲೆಕ್ಕದಲ್ಲಿ ನಮ್ಮ ಸೆಕೆಯೂ ಚಳಿಯೇ. ಕಾರ್ಬ್ಯುರೇಟರ್ ಗಾಡಿಗೆ ಇದು ಇನ್ನೂ ಮುಖ್ಯ. ಈ ಇಂಜಿನಿನಲ್ಲಿ ಬಿಸಿನೀರು ಹೆಡ್ಡಿನಿಂದ ಹೊರಟು, ಸಿಲಿಂಡರಿಗೆ ಗಾಳಿ ಪೆಟ್ರೋಲ್ ಒಯ್ಯುವ ಅಲ್ಯುಮಿನಿಯಂ ಇನ್‌ಟೇಕ್ ಮ್ಯಾನಿಫೋಲ್ಡಿನೊಳಗೆ ಹಾದು ಹೋಗುತ್ತದೆ. ಆ ಕಾವಿಗೆ ಪೆಟ್ರೋಲಿನ ಹನಿಗಳು ಆವಿಯಾಗಿ ಗಾಳಿಯ ಜೊತೆ ಬೆರೆಯುತ್ತವೆ. ಮ್ಯಾನಿಫೋಲ್ಡ್ ತಣ್ಣಗಿದ್ದರೆ ಹನಿಗಳು ಅದರ ಗೋಡೆಗೆ ಅಂಟಿಕೊಳ್ಳುತ್ತವೆ. ಚೋಕ್ ಬಿಡಲಾಗದೆ ಒದ್ದಾಡಿದ್ದು ಅದಕ್ಕೇ. ಹೆಚ್ಚಿಗೆ ಸುರಿದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನೂ ತೊಳೆದುಕೊಂಡು ಹೋಗುತ್ತದೆ, ಸವೆತ ಶುರುವಾಗುತ್ತದೆ. ಮುಳ್ಳು 'ಎಚ್' ಕಡೆ ಹೋದರೆ ಗಾಬರಿಯಾಗುವ ನಾವು 'ಸಿ'ಯಲ್ಲಿ ಮಲಗಿದ್ದರೆ ಆರೋಗ್ಯ ಅಂದುಕೊಳ್ಳುತ್ತೇವೆ.

ಥರ್ಮೋಸ್ಟಾಟಿನ ಒಳಗೆ ಕರೆಂಟಿಲ್ಲ, ವೈರಿಲ್ಲ. ಒಂದು ಹಿತ್ತಾಳೆಯ ಪುಟ್ಟ ಡಬ್ಬಿಯಲ್ಲಿ ಮೇಣ ತುಂಬಿರುತ್ತದೆ. ಮೇಣ ಕರಗಿದಾಗ ಹಿಗ್ಗಿ ಒಂದು ಕಡ್ಡಿಯನ್ನು ತಳ್ಳುತ್ತದೆ, ಬಿಲ್ಲೆ ತೆರೆದುಕೊಳ್ಳುತ್ತದೆ. ತಣಿದಾಗ ಸ್ಪ್ರಿಂಗ್ ಅದನ್ನು ಮತ್ತೆ ಮುಚ್ಚುತ್ತದೆ. ಅಷ್ಟೇ. ಹಾಗಾಗಿ ಕೆಡುವ ದಾರಿಯೂ ಎರಡು. ಮೇಣ ಸೋರಿಹೋದರೆ ತಳ್ಳುವವರಿಲ್ಲದೆ ಮುಚ್ಚಿಕೊಂಡೇ ಇರುತ್ತದೆ, ಇಂಜಿನ್ ಬೇಯುತ್ತದೆ. ತುಕ್ಕಿನ ಚೂರು ಸಿಕ್ಕಿಕೊಂಡರೆ, ಇಲ್ಲವೇ ಸ್ಪ್ರಿಂಗ್ ಮುರಿದರೆ, ತೆರೆದುಕೊಂಡೇ ಉಳಿಯುತ್ತದೆ. ನನ್ನದು ಎರಡನೆಯದು ಎಂದು ತೀರ್ಮಾನಿಸಿ ಹೊಸದನ್ನು ತರಲು ಹಾಸನಕ್ಕೆ ಹೋದೆ.

ಮೊದಲ ಅಂಗಡಿಯವರು ಕೊಟ್ಟದ್ದರ ಮೇಲೆ ಯಾವ ಸಂಖ್ಯೆಯೂ ಇರಲಿಲ್ಲ. "ಎಲ್ಲಾ ಒಂದೇ ಸಾರ್" ಎಂಬ ಮಾತು ನಂಬಿ ತಂದೆ, ಆದರೆ ಪೂರ್ತಿ ನಂಬಲಿಲ್ಲ. ಶನಿವಾರ ಸಂಜೆ ಅಡುಗೆಮನೆ ಖಾಲಿಯಾಗುವುದನ್ನೇ ಕಾದು ಹಳೇ ಹಾಲಿನ ಪಾತ್ರೆಯಲ್ಲಿ ನೀರಿಟ್ಟೆ. ಹೆಂಡತಿ ಮೈಸೂರುಪಾಕಿನ ಪಾಕ ನೋಡಲು ತರಿಸಿಕೊಂಡ ಡಿಜಿಟಲ್ ಥರ್ಮಾಮೀಟರ್ ಅವಳ ಒಪ್ಪಿಗೆಯ ಮೇರೆಗೇ ಬಂತು, ತೊಳೆದು ಕೊಡುವ ಕರಾರಿನೊಂದಿಗೆ. ಥರ್ಮೋಸ್ಟಾಟಿನ ಬಿಲ್ಲೆಯನ್ನು ಬೆರಳಿನಿಂದ ಒತ್ತಿ ತೆರೆದು, ಸಂದಿಗೆ ಒಂದು ಹೊಲಿಗೆ ದಾರ ಸಿಕ್ಕಿಸಿ ಬಿಟ್ಟರೆ ಅದು ದಾರವನ್ನು ಕಚ್ಚಿಕೊಳ್ಳುತ್ತದೆ. ಆ ದಾರ ಹಿಡಿದು ನೀರಿನಲ್ಲಿ ಇಳಿಬಿಡುವುದು. ಪಾತ್ರೆಯ ತಳಕ್ಕೆ ಮುಟ್ಟಬಾರದು, ತಳದ ಬಿಸಿ ಬೇರೆ. ಬಾಯಿ ಬಿಟ್ಟ ಕ್ಷಣ ದಾರ ಜಾರಿ ಥರ್ಮೋಸ್ಟಾಟ್ ಟಣ್ಣೆಂದು ಕೆಳಗೆ ಬೀಳುತ್ತದೆ, ಆಗ ಥರ್ಮಾಮೀಟರ್ ಓದಬೇಕು.

ಟಣ್ಣೆಂದಾಗ ಇದ್ದದ್ದು 74. ಈ ಇಂಜಿನಿಗೆ ಬೇಕಾದದ್ದು 82ಕ್ಕೆ ಬಾಯಿ ಬಿಡಲು ಶುರುಮಾಡಿ 95ಕ್ಕೆ ಪೂರ್ತಿ ತೆರೆಯುವಂಥದ್ದು, ತೆರೆದಾಗ ಬಿಲ್ಲೆ 8 ಮಿಲಿಮೀಟರಿನಷ್ಟಾದರೂ ಏಳಬೇಕು. ಮತ್ತೊಮ್ಮೆ ಮಾಡಿದೆ, 75. ಮರುದಿನ ವಾಪಸ್ ಕೊಡಲು ಹೋದರೆ "ನೀರಲ್ಲಿ ಹಾಕಿದ್ದೀರಲ್ಲ ಸಾರ್, ಹೇಗೆ ತಗೊಳ್ಳೋದು" ಅಂದರು. ನೀರಿನಲ್ಲಿ ಬದುಕಬೇಕಾದ ಸಾಮಾನು ಅದು! ವಾದ ಬಿಟ್ಟು ಬೇರೆ ಅಂಗಡಿಯಲ್ಲಿ 82 ಎಂದು ಅಚ್ಚೊತ್ತಿದ್ದನ್ನು ಹುಡುಕಿ ತಂದೆ, ಮುಚ್ಚಳದಡಿ ಸೋರದಂತೆ ಹಾಕುವ ಪ್ಯಾಕಿಂಗ್ ಸಮೇತ. ಇದು 82 ದಾಟುತ್ತಲೇ ಬಿತ್ತು. ಪೂರ್ತಿ ತೆರೆಯುವುದನ್ನು ನೋಡಲು ನೀರನ್ನು ಕುದಿಸಬೇಕು. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ, ಇಲ್ಲಿ ನೀರು 97ಕ್ಕೇ ಕುದಿಯುತ್ತದೆ. ಥರ್ಮಾಮೀಟರ್ 97ಕ್ಕೆ ನಿಂತುಬಿಟ್ಟರೆ ಅದು ಕೆಟ್ಟಿದೆ ಎಂದು ಬೈಯಬಾರದು. ನಮಗೆ ಬೇಕಾದ 95ಕ್ಕೆ ಅಷ್ಟು ಸಾಕು. ಸ್ಕೇಲಿಟ್ಟು ನೋಡಿದೆ, 8 ದಾಟಿತ್ತು.

ಬಿಚ್ಚುವ ಕೆಲಸ ಅದರ ಮುಂದಿನ ಭಾನುವಾರ. ಥರ್ಮೋಸ್ಟಾಟ್ ಕೂರುವುದು ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ. ಮೇಲಿನ ಹೋಸ್ ಪೈಪಿನ ಜಾಡು ಹಿಡಿದು ಇಂಜಿನಿನ ಕಡೆ ಹೋದರೆ ಅದು ಸೇರುವ ಅಲ್ಯುಮಿನಿಯಂ ಮುಚ್ಚಳವೇ ಅದರ ಮನೆ. ಎರಡು ಬೋಲ್ಟ್. ಹಿಂದಿನ ರಾತ್ರಿಯೇ ಎರಡಕ್ಕೂ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟಿದ್ದೆ, ಬೆಳಿಗ್ಗೆ ಇನ್ನೊಮ್ಮೆ ಹೊಡೆದು ಸುತ್ತಿಗೆಯಿಂದ ತಲೆಯ ಮೇಲೆ ಮೆಲ್ಲಗೆ ತಟ್ಟಿದೆ.

ರೇಡಿಯೇಟರಿನ ನೀರನ್ನು ತಣ್ಣಗಿರುವಾಗಲೇ ಇಳಿಸಬೇಕು. ಕ್ಯಾಪಿನ ಮೇಲೆ 0.9 ಎಂದು ಬರೆದಿರುತ್ತದಲ್ಲ, ಅಷ್ಟು ಒತ್ತಡದಲ್ಲಿ ನೀರು 115 ಡಿಗ್ರಿ ದಾಟಿದರೂ ಕುದಿಯದೆ ಕೂತಿರಬಲ್ಲದು. ಬಿಸಿಯಲ್ಲಿ ಕ್ಯಾಪ್ ತಿರುಗಿಸಿದರೆ ಒತ್ತಡ ಹೋಗಿ ಒಂದೇ ಸಲಕ್ಕೆ ಉಕ್ಕಿ ಮುಖಕ್ಕೆ ಬರುತ್ತದೆ. ಬಕೆಟಿಗೆ ಬಿದ್ದದ್ದು ಎರಡೂವರೆ ಲೀಟರಿನಷ್ಟು, ಬಣ್ಣ ಕೆಂಪು ಮಣ್ಣಿನ ಗದ್ದೆಯ ನೀರು. ತುಕ್ಕು ತಡೆಯಲು ನೀರಿಗೆ ಬೆರೆಸುವ ಕೂಲೆಂಟಿನ ಹಸಿರು ಎಲ್ಲೂ ಇಲ್ಲ. ವರ್ಷಗಟ್ಟಲೆ ಬೋರ್‌ವೆಲ್ ನೀರು ಸುರಿದಿದ್ದಾರೆ. ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯುಮಿನಿಯಂ. ಉಪ್ಪಿನಂಶದ ನೀರು ಎರಡನ್ನೂ ತಿನ್ನುತ್ತದೆ. ನಿಮ್ಮ ಗಾಡಿಯಲ್ಲಿ ನಿಜವಾದ ಕೂಲೆಂಟ್ ಇದ್ದರೆ ಬಕೆಟನ್ನು ಅಂಗಳದಲ್ಲಿ ತೆರೆದಿಡಬೇಡಿ. ಅದು ಸಿಹಿ ವಿಷ, ನಾಯಿಗಳು ಆಸೆಪಟ್ಟು ನೆಕ್ಕುತ್ತವೆ.

ಹೋಸ್ ಕ್ಲಿಪ್ ಸುಲಭಕ್ಕೆ ಬಂತು. ಪೈಪ್ ಮಾತ್ರ ಅಂಟಿಕೊಂಡಿತ್ತು. ಎಳೆದರೆ ಹರಿಯುತ್ತದೆ, ತಿರುಚಿ ತಿರುಚಿ ಬಿಡಿಸಿದೆ. ಮೊದಲ ಬೋಲ್ಟ್ ಕಿರ್ರೆಂದು ಅತ್ತು ಹೊರಬಂತು. ಎರಡನೆಯದು ಅರ್ಧ ಸುತ್ತು ತಿರುಗಿತು, ಮತ್ತೆ ಒಳಕ್ಕೆ ಕಾಲು ಸುತ್ತು, ಮತ್ತೆ ಹೊರಕ್ಕೆ ಅರ್ಧ. ಹೀಗೇ ಆಡಿಸಬೇಕು ಎಂದು ಗೊತ್ತಿತ್ತು, ಆಡಿಸಿದೆ. ಆಮೇಲೆ ಕೈಗೆ ಇದ್ದಕ್ಕಿದ್ದಂತೆ ಹಗುರ ಅನ್ನಿಸಿತು. ಬೋಲ್ಟಿನ ತಲೆ ಸ್ಪಾನರಿನೊಳಗೆ, ಮೈ ಮ್ಯಾನಿಫೋಲ್ಡಿನೊಳಗೆ.

ಒಳಗೆ ಹೋಗಿ ಕಾಫಿ ಕುಡಿದೆ. ಮುರಿದ ಬೋಲ್ಟನ್ನು ನೋಡುತ್ತ ಸಿಟ್ಟಿನಲ್ಲಿ ಮಾಡುವ ಮುಂದಿನ ಕೆಲಸವೇ ಹೆಚ್ಚು ಖರ್ಚಿನದು ಎಂಬುದು ಹಿಂದೆ ಒಂದು ಸ್ಕೂಟರಿನಲ್ಲಿ ಕಲಿತ ಪಾಠ.

ಕಾಫಿ ಕುಡಿಯುವಾಗ ಹೊಳೆದದ್ದು ಇಷ್ಟು. ಬೋಲ್ಟ್ ಅರ್ಧರ್ಧ ಸುತ್ತು ತಿರುಗುತ್ತಿತ್ತು ಅಂದರೆ ಥ್ರೆಡ್ಡಿನಲ್ಲಿ ಜಾಮ್ ಆಗಿರಲಿಕ್ಕಿಲ್ಲ. ಬಿಗಿಯಾಗಿದ್ದದ್ದು ಮುಚ್ಚಳದ ತೂತಿನೊಳಗೆ ಹಾದುಹೋಗುವ ಭಾಗ. ಉಕ್ಕಿಗೂ ಅಲ್ಯುಮಿನಿಯಮಿಗೂ ನಡುವೆ ಬಿಳಿ ಹಿಟ್ಟಿನಂಥ ತುಕ್ಕು ತುಂಬಿ ಕಚ್ಚಿಕೊಂಡಿರುತ್ತದೆ. ಹಾಗಾದರೆ ಮುಚ್ಚಳವನ್ನು ಬೋಲ್ಟಿನಿಂದ ಕಳಚಿದರೆ ಸಾಕು. ಮರದ ತುಂಡು ಅಡ್ಡ ಇಟ್ಟು ಮುಚ್ಚಳದ ಬದಿಗೆ ಆಚೆ ಈಚೆ ತಟ್ಟುತ್ತ ಹೋದೆ. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಮುಚ್ಚಳ ಸರಕ್ಕನೆ ಮೇಲೆ ಬಂತು, ಬೋಲ್ಟಿನ ತುಂಡು ಒಂದು ಬೆರಳು ದಪ್ಪ ಹೊರಗೆ ಚಾಚಿಕೊಂಡು ನಿಂತಿತ್ತು. ಅದಕ್ಕೆ ವೈಸ್‌ಗ್ರಿಪ್ ಹಾಕಿ ತಿರುಗಿಸಿದರೆ ಬೆಣ್ಣೆಯಲ್ಲಿ ಕೂದಲು ಬಂದ ಹಾಗೆ ಬಂತು. ಮ್ಯಾನಿಫೋಲ್ಡಿಗೆ ಸಮನಾಗಿ ಮುರಿದಿದ್ದರೆ ಡ್ರಿಲ್ಲು, ಹೊಸ ಥ್ರೆಡ್ಡು, ಲೇತ್ ಅಂಗಡಿ ಎಂದು ಇನ್ನೊಂದು ವಾರ ಆಗುತ್ತಿತ್ತು.

ಈಗ ನಿಜವಾದ ಅಚ್ಚರಿ. ಒಳಗೆ ಬಾಯಿ ಬಿಟ್ಟುಕೊಂಡ ಥರ್ಮೋಸ್ಟಾಟ್ ಕಾಣುತ್ತದೆ ಎಂದು ಬಗ್ಗಿದರೆ, ಕಂಡದ್ದು ಬರೀ ಉಂಗುರ. ಹೊರಗಿನ ಅಂಚು ಮಾತ್ರ ಇದೆ. ನಡುವಿನ ಬಿಲ್ಲೆ, ಸ್ಪ್ರಿಂಗ್, ಮೇಣದ ಡಬ್ಬಿ ಒಂದೂ ಇಲ್ಲ. ಯಾರೋ ಕಟಿಂಗ್ ಪ್ಲೇಯರಿನಿಂದ ಕರುಳು ಕಿತ್ತು, ಮುಚ್ಚಳ ಸರಿಯಾಗಿ ಕೂರಲಿ ಎಂದು ಅಂಚನ್ನಷ್ಟೇ ಬಿಟ್ಟಿದ್ದಾರೆ. ಕೆಟ್ಟ ಥರ್ಮೋಸ್ಟಾಟ್ ಹುಡುಕಿಕೊಂಡು ಹೋದವನಿಗೆ ಇಲ್ಲದ ಥರ್ಮೋಸ್ಟಾಟ್ ಸಿಕ್ಕಿತು. ಯಾಕೆ ಕಿತ್ತರು ಎಂದು ಆ ಕ್ಷಣಕ್ಕೆ ಯೋಚಿಸಲಿಲ್ಲ. ಯೋಚಿಸಬೇಕಿತ್ತು.

ಹಳೇ ಪ್ಯಾಕಿಂಗನ್ನು ಶೇವಿಂಗ್ ಬ್ಲೇಡಿನಿಂದ ಕೆರೆದೆ, ಸ್ಕ್ರೂಡ್ರೈವರ್ ಹಾಕಿದರೆ ಅಲ್ಯುಮಿನಿಯಂ ಮೇಲೆ ಗೀರು ಬಿದ್ದು ಅಲ್ಲೇ ಸೋರುತ್ತದೆ. ಮುಚ್ಚಳದ ಮುಖವನ್ನು ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಎಂಟು ಆಕಾರದಲ್ಲಿ ಉಜ್ಜಿ ಸಮ ಮಾಡಿದೆ. ಇಂಜಿನ್ನಿಗೆ ನಲ್ಲಿ ಪೈಪ್ ಹಿಡಿದು ತಿಳಿನೀರು ಬರುವತನಕ ತೊಳೆದೆ. ಹೊಸ ಥರ್ಮೋಸ್ಟಾಟನ್ನು ಮೇಣದ ಡಬ್ಬಿ ಇಂಜಿನ್ ಕಡೆಗೆ ಬರುವಂತೆ ಕೂರಿಸಬೇಕು, ಬಿಸಿ ತಾಗಬೇಕಾದದ್ದು ಅದಕ್ಕೆ. ತಲೆಕೆಳಗಾದರೆ ತೆರೆಯಲು ತಡಮಾಡಿ ಇಂಜಿನ್ ಬೇಯುತ್ತದೆ. ಅಂಚಿನಲ್ಲಿ ಅಲುಗಾಡುವ ಒಂದು ಪುಟ್ಟ ಪಿನ್ನು ಇರುತ್ತದೆ, ನೀರು ತುಂಬುವಾಗ ಗಾಳಿ ನುಸುಳಿ ಹೋಗುವ ಕಿಂಡಿ ಅದು. ಅದು ಕಸ ಕಟ್ಟಿರಬಾರದು, ಮೇಲುಗಡೆ ಇರಬೇಕು. ಅಂಚು ತನ್ನ ಕುಳಿಯಲ್ಲಿ ಪೂರ್ತಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿದ ಮೇಲೆ ಮುಚ್ಚಳ, ಹೊಸ ಬೋಲ್ಟು, ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪವೇ ಬಿಗಿ. ಒಂದೇ ಕಡೆ ಬಿಗಿದರೆ ಮುಚ್ಚಳದ ಕಿವಿ ಮುರಿಯುತ್ತದೆ.

ಕೂಲೆಂಟನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಬೆರೆಸಿದೆ. ಹಿಮ ಕಟ್ಟುವ ಭಯ ನಮಗಿಲ್ಲ, ನನಗೆ ಬೇಕಿದ್ದದ್ದು ತುಕ್ಕಿನ ತಡೆ. ಹಾಗಾಗಿ ಹತ್ತರಲ್ಲಿ ಮೂರು ಪಾಲು. ಗಾಡಿಯ ಮೂತಿ ಮೇಲಾಗುವಂತೆ ಅಂಗಳದ ಏರಿನಲ್ಲಿ ನಿಲ್ಲಿಸಿ, ಕ್ಯಾಪ್ ತೆಗೆದಿಟ್ಟು ನಿಧಾನ ತುಂಬಿಸಿ ಸ್ಟಾರ್ಟ್ ಮಾಡಿದೆ. ಗುಳ್ಳೆಗಳು ಬಂದವು, ಮಟ್ಟ ಇಳಿಯಿತು, ಮತ್ತೆ ತುಂಬಿಸಿದೆ. ಹೀಟರ್ ಇರುವ ಗಾಡಿಯಾದರೆ ಈ ಹೊತ್ತಿನಲ್ಲಿ ಅದನ್ನು ಬಿಸಿಯ ಕಡೆಗೆ ಪೂರ್ತಿ ತಿರುಗಿಸಿಡಬೇಕು, ಇಲ್ಲದಿದ್ದರೆ ಅಲ್ಲೊಂದು ಏರ್ ಲಾಕ್ ಉಳಿದುಬಿಡುತ್ತದೆ. ಮೇಲಿನ ಪೈಪು ತಣ್ಣಗೇ ಇತ್ತು. ಇತ್ತು, ಇತ್ತು, ಆಮೇಲೆ ಫಕ್ಕನೆ ಬಿಸಿಯಾಯಿತು. ಮುಳ್ಳು ಅರ್ಧಕ್ಕಿಂತ ತುಸು ಕೆಳಗೆ ಬಂದು ನಿಂತಿತು. ಈ ಗಾಡಿಯಲ್ಲಿ ಆ ಜಾಗದಲ್ಲಿ ಮುಳ್ಳನ್ನು ನಾನು ನೋಡಿದ್ದು ಅದೇ ಮೊದಲು.

ಕ್ಯಾಪ್ ಹಾಕಿ, ಸೋರಿಕೆ ಇದೆಯೇ ನೋಡಲು ಇನ್ನಷ್ಟು ಹೊತ್ತು ಹಾಗೇ ಓಡಲು ಬಿಟ್ಟೆ. ಮುಳ್ಳು ಅರ್ಧ ದಾಟಿತು. ಫ್ಯಾನ್ ಬರುತ್ತದೆ ಅಂದುಕೊಂಡೆ. ಮುಕ್ಕಾಲಿಗೆ ಬಂತು. ಫ್ಯಾನ್ ಬರಲಿಲ್ಲ. ಇಂಜಿನ್ ಆಫ್ ಮಾಡಿ ಬಾನೆಟ್ ಮುಂದೆ ನಿಂತಾಗ, ಆ ಉಂಗುರ ಯಾಕೆ ಬರೀ ಉಂಗುರವಾಗಿತ್ತು ಎಂಬುದು ಹೊಳೆಯತೊಡಗಿತು.

ಫ್ಯೂಸ್ ಸರಿ ಇತ್ತು. ಫ್ಯಾನಿನ ಟೆಂಪರೇಚರ್ ಸ್ವಿಚ್ಚನ್ನು ಬಿಟ್ಟು ವೈರನ್ನು ನೇರವಾಗಿ ಜೋಡಿಸಿದೆ, ಫ್ಯಾನ್ ಧೂಳು ಹಾರಿಸುತ್ತ ತಿರುಗಿತು. ಸ್ವಿಚ್ಚನ್ನು ಕಳಚಿ ಮತ್ತೆ ಅದೇ ಹಾಲಿನ ಪಾತ್ರೆಗೆ ಹಾಕಿದೆ, ಸ್ವಿಚ್ಚಿನ ಕಾಲಿಗೆ, ಅದು ಕೂಡಿಕೊಂಡರೆ ಬೀಪ್ ಅನ್ನುವ ಮಲ್ಟಿಮೀಟರ್ ಕಚ್ಚಿಸಿ. ನೀರು ತಳತಳ ಕುದಿದರೂ ಮೀಟರ್ ಬಾಯಿ ಬಿಡಲಿಲ್ಲ. ಮರುದಿನ ತಂದ ಹೊಸ ಸ್ವಿಚ್ ಕುದಿಯುವ ಮೊದಲೇ ಬೀಪ್ ಅಂದಿತು. ಅದನ್ನು ಹಾಕುವಾಗ ಅರ್ಧ ಲೀಟರ್ ಹೊಸ ಕೂಲೆಂಟ್ ನೆಲದ ಪಾಲು.

ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಗಾಡಿ ಯಾವಾಗಾದ್ರೂ ಹೀಟ್ ಆಗಿತ್ತಾ ಚಿಕ್ಕಪ್ಪ?"

"ಒಮ್ಮೆ ಆಗಿತ್ತು ಮಾರಾಯ. ಶಿರಾಡಿಯಲ್ಲಿ ಲಾರಿಗಳ ಹಿಂದೆ ಎರಡು ಗಂಟೆ ಸಿಕ್ಕಿ ಬಿದ್ದದ್ದು. ಹೊಗೆ ಬಂತು. ಮತ್ತೆ ಇಲ್ಲಿ ಒಬ್ಬ ನೋಡಿದ, ಎಂಥದೋ ಒಂದು ಕಿತ್ತು ಬಿಸಾಡಿದ. ಆಮೇಲೆ ತೊಂದರೆಯೇ ಇಲ್ಲ."

"ಎಷ್ಟು ವರ್ಷ ಆಯ್ತು?"

"ಹತ್ತು ಆಗ್ಲಿಕ್ಕಿಲ್ವಾ? ಆಯ್ತು."

ತೆವಳುವ ಗಾಡಿಗೆ ಎದುರುಗಾಳಿ ಇರುವುದಿಲ್ಲ, ಅಲ್ಲಿ ಫ್ಯಾನೇ ಗತಿ. ಅದು ತಿರುಗಲಿಲ್ಲ, ನೀರು ಕುದಿಯಿತು. ಸತ್ತದ್ದು ಸ್ವಿಚ್, ಕರುಳು ಕಿತ್ತದ್ದು ಥರ್ಮೋಸ್ಟಾಟಿನದು. ಚಿಕ್ಕಪ್ಪನ ಓಡಾಟವೆಲ್ಲ ಅಡಿಕೆ ತೋಟ, ಹಳ್ಳಿ ರಸ್ತೆ. ಟ್ರಾಫಿಕ್ಕಿನಲ್ಲಿ ನಿಲ್ಲುವ ಪ್ರಸಂಗವೇ ಇಲ್ಲದ್ದರಿಂದ ಮದ್ದು ಫಲಿಸಿದಂತೆ ಕಂಡಿತು.

"ಹಾಗಾದ್ರೆ ಹತ್ತು ವರ್ಷ ಫ್ಯಾನ್ ತಿರುಗ್ಲೇ ಇಲ್ವಾ?" ಅಂದರು. ಇಲ್ಲ ಅಂದೆ. "ಶಬ್ದ ಬರುದಿಲ್ಲ, ಒಳ್ಳೇ ಗಾಡಿ ಅಂತ ನಾನು ಎಲ್ಲರಿಗೂ ಹೇಳ್ತಿದ್ದೆ" ಅಂದರು.

ಈಗ ಚೋಕನ್ನು ಎರಡು ಕಿಲೋಮೀಟರಿನೊಳಗೆ ತಳ್ಳಬಹುದು. ಟ್ಯಾಂಕ್ ತುಂಬಿಸಿ ಟ್ಯಾಂಕ್ ತುಂಬಿಸಿ ಎರಡು ಸಲ ಅಳೆದದ್ದರಲ್ಲಿ ಲೀಟರಿಗೆ 13 ಇದ್ದದ್ದು 15ರ ಮೇಲೆ ಬಂದಿದೆ. ಅದರಲ್ಲಿ ಥರ್ಮೋಸ್ಟಾಟಿನ ಪಾಲೆಷ್ಟು, ಚೋಕ್ ಬೇಗ ಬಿಟ್ಟದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬಾರದು, ಎರಡೂ ಒಂದೇ ಬೇರಿನವು. ಶಿರಾಡಿ ಇಳಿಯುವಾಗ ಮುಳ್ಳು ಅಲುಗುವುದಿಲ್ಲ. ಮುಚ್ಚಳದ ಬೋಲ್ಟುಗಳನ್ನು ಒಂದು ವಾರ ಓಡಿಸಿದ ಮೇಲೆ ತಣ್ಣಗಿರುವಾಗ ಮತ್ತೊಮ್ಮೆ ಕಾಲು ಸುತ್ತು ಬಿಗಿದೆ, ಪ್ಯಾಕಿಂಗ್ ಅಷ್ಟು ಅಮುಕಿತ್ತು. ಆಯಿಲ್ ಮುಚ್ಚಳದ ಕೆನೆ ಒರೆಸಿದ ಮೇಲೆ ಮತ್ತೆ ಕಟ್ಟಿಲ್ಲ. ಆದರೆ ಒಳಗಿನ ಆಯಿಲ್ ಇಷ್ಟು ದಿನ ನೀರು, ಪೆಟ್ರೋಲ್ ಎರಡನ್ನೂ ಕುಡಿದದ್ದು. ಡಿಪ್‌ಸ್ಟಿಕ್ ಮೂಸಿದರೆ ಈಗಲೂ ಪೆಟ್ರೋಲಿನ ವಾಸನೆ ಬರುತ್ತದೆ. ಫಿಲ್ಟರ್ ತಂದಿಟ್ಟಿದ್ದೇನೆ, ಈ ಭಾನುವಾರ ಆ ಆಯಿಲನ್ನು ಇಳಿಸಬೇಕು.